ಆತ್ಮಗಳ ಕಿರ್ದಿ-ಖತಾವಣಿ

ಹುಬ್ಬಳ್ಳಿ ವ್ಯಾಪಾರಸ್ಥರ ಊರು. ಇಲ್ಲಿ ಮೆಣಸಿನಕಾಯಿ ಇರಲಿ, ಮಠದ ದೇಣಿಗೆ ಇರಲಿ, ಲೆಕ್ಕ ಕೊಡದೆ ಯಾರೂ ಪಾರಾಗುವಂತಿಲ್ಲ. ಈಚಿನ ವರ್ಷಗಳಲ್ಲಿ ಭಾಷಣದ ಮೇಲೆ ಭಾಷಣ ಕೇಳಿ ನಮಗೆಲ್ಲ ಒಂದು ದಂಧೆಯ ಹೆಸರು ಬಾಯಿಪಾಠವಾಗಿದೆ: ಮತಾಂತರದ ದಂಧೆ. ದಂಧೆ ಎಂದಮೇಲೆ ಬಂಡವಾಳ, ಲಾಭ, ಲುಕ್ಸಾನು ಇರಲೇಬೇಕು. ಆದರೆ ಅದರ ಕಿರ್ದಿ-ಖತಾವಣಿ ತೆಗೆದು ನೋಡಿದವರು ಮಾತ್ರ ಯಾರೂ ಕಾಣುವುದಿಲ್ಲ. ನಾವಾದರೂ ನೋಡೋಣ.

ಮೊದಲು ಬಂಡವಾಳ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಕಾಲಿಟ್ಟಿತು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಆಗ ರೈಲಿಲ್ಲ, ಡಾಂಬರಿಲ್ಲ. ಎತ್ತಿನ ಗಾಡಿ, ಘಟ್ಟ, ಜ್ವರ. ಬಂದ ಪಾದ್ರಿಗಳು ಮಾಡಿದ ಮೊದಲ ತಪ್ಪು ಎಂದರೆ ಕನ್ನಡ ಕಲಿತದ್ದು. ಒಮ್ಮೆ ಕಲಿತಮೇಲೆ ಸುಮ್ಮನಿರಲಾಗಲಿಲ್ಲ. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ' ತೆಗೆದ; ಕನ್ನಡದ ಮೊದಲ ಪತ್ರಿಕೆ. ಆಮೇಲೆ 1848ರಿಂದ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸುತ್ತ ಕುಳಿತ. ನಮ್ಮ ಆತ್ಮ ಕದಿಯಲು ಬಂದವನು ನಮ್ಮದೇ ಪುರಂದರದಾಸರನ್ನು ಛಾಪಿಸಿ ನಮ್ಮ ಕೈಗೇ ಕೊಟ್ಟ! ಇಂಥ ದಡ್ಡ ವ್ಯಾಪಾರಿಯನ್ನು ಹುಬ್ಬಳ್ಳಿ ಇಂದಿಗೂ ಕಂಡಿಲ್ಲ.

ಇನ್ನೊಬ್ಬ ಫರ್ಡಿನಂಡ್ ಕಿಟೆಲ್. 1853ರಲ್ಲಿ ಬಂದವನು ಧರ್ಮ ಸಾರುವುದರ ಜೊತೆಗೆ ಕೇಶಿರಾಜನ ವ್ಯಾಕರಣ, ನಾಗವರ್ಮನ ಛಂದಸ್ಸು ಎಂದು ಓಡಾಡಿದ. ಯೇಸುವಿನ ಕಥೆಯನ್ನೂ ಕನ್ನಡದ ಮಟ್ಟಿನಲ್ಲೇ ಹೇಳಬೇಕೆಂದು 1862ರಲ್ಲಿ 'ಕಥಾಮಾಲೆ' ಬರೆದ. ಇವನ ಈ ಹುಚ್ಚು ಸ್ವಂತ ಮಿಷನ್ನಿನವರಿಗೇ ಅಷ್ಟಾಗಿ ಹಿಡಿಸಲಿಲ್ಲ. ಕೊನೆಗೆ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಹೊರಬಂತು. ಇವನು ಎಷ್ಟು ಮಂದಿಯ ಮತ ಬದಲಿಸಿದನೆಂದು ಇಂದು ಯಾರೂ ಕೇಳುವುದಿಲ್ಲ. ಅವನ ನಿಘಂಟನ್ನು ಮಾತ್ರ ಮತಾಂತರದ ವಿರುದ್ಧ ಲೇಖನ ಬರೆಯುವವರೂ ಕಪಾಟಿನಲ್ಲಿ ಇಟ್ಟುಕೊಂಡಿರುತ್ತಾರೆ.

ಇನ್ನು ಗಿರಾಕಿ. 1840ರ ಸುಮಾರಿಗೆ ಹುಬ್ಬಳ್ಳಿ-ಗದಗ ಸೀಮೆಯಲ್ಲಿ ಕಾಲಜ್ಞಾನದ ಭವಿಷ್ಯವಾಣಿ ನಂಬುವ ಕೆಲವರು ಮಿಷನ್ನಿನ ಬಾಗಿಲಿಗೆ ತಾವಾಗಿಯೇ ಬಂದರು. ನಮ್ಮ ಕಾಲಜ್ಞಾನ ಹೇಳಿದ್ದು ನಿಮ್ಮ ವಿಷಯವೇ ಇರಬೇಕು ಎಂದರು. ಪಾದ್ರಿಗಳಿಗೆ ಆಕಾಶ ಮೂರೇ ಗೇಣು. ಸಾವಿರಾರು ಜನ ಬರುತ್ತಾರೆಂದು ಗದಗಿನ ಬಳಿ ಮಲ್ಲಸಮುದ್ರದಲ್ಲಿ 1841ರಲ್ಲಿ ಒಕ್ಕಲುತನದ ವಸಾಹತನ್ನೇ ಕಟ್ಟಿದರು. ಬರಬೇಕಾದವರು ಬರಲಿಲ್ಲ. ಪಾದ್ರಿಯನ್ನೇ ಕಾಯಿಸಿ ಕೈಕೊಟ್ಟ ನಮ್ಮ ಹಿರಿಯರನ್ನು ಇವತ್ತಿನ ಧರ್ಮರಕ್ಷಕರು 'ಅಮಾಯಕರು, ಸುಲಭಕ್ಕೆ ಮರುಳಾಗುವವರು' ಎನ್ನುತ್ತಾರೆ. ಇದು ಹಿರಿಯರಿಗೆ ಮಾಡಿದ ಅವಮಾನ.

'ಆಮಿಷ' ಎಂಬ ಪುಟಕ್ಕೆ ಬರೋಣ. ಆ ಕಾಲದಲ್ಲಿ ಕ್ರೈಸ್ತನಾದವನಿಗೆ ಸಿಕ್ಕ ಆಮಿಷಗಳ ಪಟ್ಟಿ ಹೀಗಿದೆ: ಮನೆಯಿಂದ ಹೊರಗೆ, ಜಾತಿಯಿಂದ ಹೊರಗೆ, ಕಸುಬಿನಿಂದ ಹೊರಗೆ, ಹೊಲದ ಪಾಲಿಗೆ ಎಳ್ಳುನೀರು. ಬೀದಿಗೆ ಬಿದ್ದವರ ಹೊಟ್ಟೆಗೆ ದಾರಿ ಮಾಡಲೆಂದೇ ಮಿಷನ್ ಮಗ್ಗ ಹಾಕಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆಗೆಯಿತು. ಆ ಹೆಂಚು ಗುಡಿಯ ಮೇಲೂ ಕುಳಿತಿತು, ಮಸೀದಿಯ ಮೇಲೂ ಕುಳಿತಿತು, ಯಾರನ್ನೂ ಮತಾಂತರ ಮಾಡಲಿಲ್ಲ. ಇಷ್ಟಾದಮೇಲೆ 1914ರಲ್ಲಿ ಯುದ್ಧ ಬಂತು. 'ಬ್ರಿಟಿಷರ ಏಜೆಂಟರು' ಎಂದು ನಾವು ಇಂದು ಬೈಯುವ ಈ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರೇ ಹಿಡಿದು ಕೂಡಿಹಾಕಿದರು, ಕಾರ್ಖಾನೆಗಳನ್ನು ವಶಪಡಿಸಿಕೊಂಡರು. ಏಜೆಂಟರಿಗೆ ಕಮಿಷನ್ ಕೊಡುವ ರೀತಿ ಬಹುಶಃ ಇದೇ.

ಹಳೆಯ ಪುಸ್ತಕ ಮುಚ್ಚಿ ಚಾಲ್ತಿ ಖಾತೆಗೆ ಬರೋಣ; ಅಂದರೆ ಕಮರಿಪೇಟೆಗೆ. ಮನೆಯೊಳಗೆ ಒಂದು ಮಾತು, ಅಂಗಡಿಯಲ್ಲಿ ಕನ್ನಡ, ಎರಡರಲ್ಲೂ ಖಾರ ಒಂದೇ ಎನ್ನುವ ಸಾವಜಿಗಳ ಓಣಿ. ಒಂದು ರವಿವಾರ ಮಧ್ಯಾಹ್ನ ಖಾನಾವಳಿಯೊಂದರ ಗಲ್ಲೆಯ ಮುಂದೆ ಇಬ್ಬರು ಹುಡುಗರು ಕರಪತ್ರ ಹಿಡಿದು ನಿಂತರು. ಒಳಗೆ ಖೀಮಾ ಉಂಡಿಯ ವಾಸನೆ, ಹೊರಗೆ ಬಿಸಿಲು.

"ಕಾಕಾರ, ಯೇಸುಸ್ವಾಮಿ ನಿಮ್ಮನ್ನ ಭಾಳ ಪ್ರೀತಿ ಮಾಡ್ತಾನ್ರಿ."

"ಚಲೋ ಆತು. ಊಟಕ್ಕ ಒಬ್ಬನ ಬರ್ತಾನೋ, ಹನ್ನೆರಡು ಮಂದಿ ಶಿಷ್ಯರನ್ನೂ ಕರಕೊಂಡ ಬರ್ತಾನೋ?"

ಹುಡುಗ ಕಣ್ಣು ಬಿಟ್ಟ. ಕಾಕಾ ನಕ್ಕರು: "ಹೆದರಬ್ಯಾಡಪಾ, ನಾನೂ ಬಾಸೆಲ್ ಮಿಷನ್ ಸಾಲ್ಯಾಗ ಕಲತಾಂವ. ವರ್ಷಗಟ್ಟಲೆ ಪ್ರಾರ್ಥನಾ ಹೇಳೇನಿ. ಇವತ್ತಿಗೂ ತುಳಜಾಭವಾನಿ ಗುಡಿ ತಪ್ಪಿಸಿಲ್ಲ. ಏನ್ ಬರದೈತಿ ಅದರಾಗ, ಓದು."

ಹುಡುಗ ಓದಿದ: "ಸಾಲಬಾಧೆ, ಮಾಟ, ಮದುವೆ ವಿಳಂಬ, ಕುಡಿತದ ಚಟ, ವೀಸಾ ಸಮಸ್ಯೆ, ಎಲ್ಲದಕ್ಕೂ ಬಿಡುಗಡೆ."

"ಲೇ, ಇದ ಪಟ್ಟಿ ಮೊನ್ನೆ ಜ್ಯೋತಿಷಿ ಕೊಟ್ಟು ಹೋಗ್ಯಾನ. ಇಬ್ಬರೂ ಒಂದ ಪ್ರೆಸ್ಸಿನ್ಯಾಗ ಛಾಪಿಸ್ತೀರೇನು? ಅದಿರ್ಲಿ, ಈ ಓಣ್ಯಾಗ ಯಾರ ಮನಿಯಾಗ ಯಾರು ಹಾಸಿಗಿ ಹಿಡದಾರ, ಗೊತ್ತೈತೇನು ನಿನಗ?"

"ಇಲ್ರಿ ಕಾಕಾರ. ಮ್ಯಾಲಿನವರು ಕಳಿಸ್ಯಾರ್ರಿ. ಸಂಜೀ ತನಕ ಐನೂರು ಹಂಚಬೇಕ್ರಿ."

ಅಲ್ಲಿಗೆ ಮೋಗ್ಲಿಂಗನ ಪರಂಪರೆ ಐನೂರರ ಟಾರ್ಗೆಟ್ಟಿಗೆ ಇಳಿಯಿತು. ಹುಡುಗರು ಚಹಾ ಕುಡಿದು, ಬಿಲ್ಲು ಕೊಟ್ಟು ಹೋದರು. ಹಿಂದೆಯೇ ಕೇಸರಿ ಶಾಲಿನ ನಾಲ್ವರು ಬೈಕಿನಲ್ಲಿ ಬಂದಿಳಿದರು.

"ಕಾಕಾ, ಮತಾಂತರದವರು ಬಂದಿದ್ರೇನು?"

"ಬಂದಿದ್ರು. ಚಾ ಕುಡದು ಹೋದ್ರು."

"ಅಂಥಾವರಿಗೆ ಚಾ ಯಾಕ ಕೊಟ್ಟ್ರಿ?"

"ರೊಕ್ಕ ಕೊಟ್ಟಾರ ಅಂತ. ನೀವು ಹ್ವಾದ ವಾರದ್ದು ಬಾಕಿ ಇಟ್ಟೀರಿ, ನೆನಪೈತೇನು? ಮತ್ತ ಹೇಳ್ರಿ, ಈ ಓಣ್ಯಾಗ ಯಾರು ಹಾಸಿಗಿ ಹಿಡದಾರ?"

ಅವರಿಗೂ ಗೊತ್ತಿರಲಿಲ್ಲ. ಸಂಜೆಯೊಳಗೆ ಅವರಿಗೂ ಎಲ್ಲೋ ಸದಸ್ಯತ್ವದ ಪಟ್ಟಿ ತುಂಬಿಸುವುದಿತ್ತು.

ಧರ್ಮ ಸಾರುವವನಿಗೂ ಧರ್ಮ ಕಾಯುವವನಿಗೂ ಓಣಿಯ ಪರಿಚಯ ಇಷ್ಟೇ. ಒಬ್ಬನ ಕೈಯಲ್ಲಿ ಮೈಕು, ಇನ್ನೊಬ್ಬನ ಕೈಯಲ್ಲಿ ಮೊಬೈಲ್ ಕ್ಯಾಮೆರಾ. ಇಬ್ಬರಿಗೂ ಬೇಕಾದದ್ದು ತಲೆಯ ಎಣಿಕೆ. ತಲೆಯೊಳಗೆ ಏನಿದೆ ಎಂಬುದಲ್ಲ. 2021ರ ಅಕ್ಟೋಬರ್ 17ರ ರವಿವಾರ ನಮ್ಮದೇ ಭೈರಿದೇವರಕೊಪ್ಪದಲ್ಲಿ ಪ್ರಾರ್ಥನಾ ಮಂದಿರವೊಂದಕ್ಕೆ ನುಗ್ಗಿದ ಕಾರ್ಯಕರ್ತರು ಒಳಗೆ ಕುಳಿತು ಭಜನೆ ಮಾಡಿದರು. ಒಂದು ದೇವರ ಪ್ರಾರ್ಥನೆ ನಿಲ್ಲಿಸಲು ಇನ್ನೊಂದು ದೇವರ ಭಜನೆಯನ್ನು ಲಾಠಿಯಂತೆ ಬಳಸುವ ಈ ಉಪಾಯ ದಾಸರಿಗೆ ಹೊಳೆದಿರಲಿಲ್ಲ. ಭಕ್ತಿ ಇದ್ದವರಿಗೆ ಅದು ಹೊಳೆಯುವುದೂ ಇಲ್ಲ.

ಸರ್ಕಾರ ಹಿಂದೆ ಬೀಳುತ್ತದೆಯೇ? ಅದೇ ವರ್ಷದ ಡಿಸೆಂಬರಿನಲ್ಲಿ ವಿಧಾನಸಭೆಯಲ್ಲಿ ಪಾಸಾಗಿ 2022ರಲ್ಲಿ ಜಾರಿಗೆ ಬಂದ ಕಾಯ್ದೆಯ ಹೆಸರು 'ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆ'. ಈ ಸ್ವಾತಂತ್ರ್ಯ ಬೇಕಾದವನು ಮತ ಬದಲಿಸುವ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕು. ಅದು ನೋಟಿಸ್ ಬೋರ್ಡಿಗೆ ಅಂಟಬೇಕು, ಆಕ್ಷೇಪಣೆ ಬರಬೇಕು. ಮೋಕ್ಷಕ್ಕೂ ಎನ್‌ಒಸಿ! ತನ್ನ ಹಿಂದಿನ ಧರ್ಮಕ್ಕೇ ಮರಳುವುದಾದರೆ ಅದು ಮತಾಂತರವೇ ಅಲ್ಲ ಎಂದೂ ಕಾಯ್ದೆ ಹೇಳುತ್ತದೆ. ಹೋಗುವ ರಸ್ತೆಗೆ ಟೋಲು, ಬರುವ ರಸ್ತೆ ಪುಕ್ಕಟೆ. ಹೊಸದುರ್ಗದಲ್ಲಿ ವಿಚಾರಣೆ ನಡೆಸಿ, ಬಲವಂತದ ಮತಾಂತರ ನಡೆದಿಲ್ಲ ಎಂದು ವರದಿ ಕೊಟ್ಟ ತಹಶೀಲ್ದಾರರು ಆಮೇಲೆ ವರ್ಗವಾದರು. ಧರ್ಮ ಬದಲಿಸಲು 30 ದಿನ ಬೇಕು, ಊರು ಬದಲಿಸಲು ಒಂದು ಆದೇಶ ಸಾಕು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡುವ ತೀರ್ಮಾನ ಮಾಡಿತು. ತೀರ್ಮಾನ ಮಾಡುವುದರಲ್ಲಿ ನಮ್ಮ ಸರ್ಕಾರಗಳು ಎಂದೂ ಹಿಂದೆ ಬಿದ್ದಿಲ್ಲ.

ಈಗ ಖತಾವಣಿಯ ಕೊನೆಯ ಪುಟ, ಅಂದರೆ ಜನಗಣತಿ. ಕರ್ನಾಟಕದಲ್ಲಿ ಕ್ರೈಸ್ತರು 2001ರಲ್ಲಿ ಶೇಕಡಾ 1.91 ಇದ್ದರು. 2011ರಲ್ಲಿ 1.87. ಅದರಲ್ಲೂ ಬಾಸೆಲ್‌ನವರು ಹಡಗು ಹತ್ತುವ ಮೊದಲೇ ಕರಾವಳಿಯಲ್ಲಿದ್ದ ಕ್ಯಾಥೊಲಿಕರ ಮಕ್ಕಳು-ಮೊಮ್ಮಕ್ಕಳು ಸೇರಿದ್ದಾರೆ. ಸುಮಾರು 180 ವರ್ಷ ಶಾಲೆ, ಪ್ರೆಸ್ಸು, ಮಗ್ಗ, ಹೆಂಚು ಎಲ್ಲ ಹಾಕಿದಮೇಲೆ ಉಳಿದ ಪಾಲು ಇದು, ಅದೂ ಇಳಿಮುಖ. ನಮ್ಮ ದುರ್ಗದಬೈಲಿನ ಯಾವ ವ್ಯಾಪಾರಿಯೂ ಇಂಥ ದಂಧೆಯನ್ನು ಮೂರನೇ ದೀಪಾವಳಿಗೆ ಮುಂದುವರಿಸುತ್ತಿರಲಿಲ್ಲ.

ಹಾಗಾದರೆ ಇದು ದಂಧೆಯಲ್ಲ ಎಂದಾಯಿತು. ಇದು ನಂಬಿಕೆ. ನಂಬಿದ್ದನ್ನು ನಾಲ್ಕು ಜನರಿಗೆ ಹೇಳಬೇಕೆಂಬ ತುಡಿತ ಬಸವಣ್ಣನಿಗೂ ಇತ್ತು, ದಾಸರಿಗೂ ಇತ್ತು, ಪಾದ್ರಿಗೂ ಇದೆ. ಸಂವಿಧಾನದ 25ನೇ ವಿಧಿ ನಂಬುವ ಹಕ್ಕಿನ ಜೊತೆಗೆ ಸಾರುವ ಹಕ್ಕನ್ನೂ ಕೊಟ್ಟಿದೆ. ಬಲವಂತ ಯಾರೇ ಮಾಡಿದರೂ ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇಳುವವನಿಗೂ ತಲೆ ಇದೆ ಎಂಬುದನ್ನು ಕಾಯ್ದೆ ಬರೆದವರೂ ಕರಪತ್ರ ಬರೆದವರೂ ಮರೆತಿದ್ದಾರೆ.

ಆದ್ದರಿಂದ ಉಭಯ ಪಕ್ಷದ ಧರ್ಮಶ್ರದ್ಧರಲ್ಲಿ ಒಂದು ವಿನಂತಿ. ಪಾದ್ರಿಗಳೇ, ಐನೂರು ಕರಪತ್ರ ಹಂಚುವ ಬದಲು ಒಂದು ಓಣಿಯಲ್ಲಿ ಐದು ವರ್ಷ ಇದ್ದು ನೋಡಿ. ಅಲ್ಲಿಯವರ ಮಾತು ಕಲಿಯಿರಿ, ಹಾಸಿಗೆ ಹಿಡಿದವರಿಗೆ ನೀರು ಕೊಡಿ. ಆಮೇಲೆ ನಿಮ್ಮ ದೇವರ ಸುದ್ದಿ ತೆಗೆಯಿರಿ. ಧರ್ಮರಕ್ಷಕರೇ, ನಿಮಗೂ ಅದೇ ಪಥ್ಯ. ಜೊತೆಗೆ, ಎಂಟಾಣೆಯ ಕರಪತ್ರ ಓದಿ ಹಾರಿಹೋಗುವಷ್ಟು ಹಗುರ ನಿಮ್ಮ ಧರ್ಮ ಎಂದು ನಿಮಗೆ ನಿಜವಾಗಿ ಅನಿಸುತ್ತಿದ್ದರೆ, ಅದರಲ್ಲಿ ನಂಬಿಕೆ ಕಳೆದುಕೊಂಡವರು ಓಣಿಯ ಜನರಲ್ಲ, ನೀವು. ಮತ್ತು ದಯವಿಟ್ಟು ಕಾಕಾನ ಬಾಕಿ ತೀರಿಸಿ.