ಉಭಯಶುಶ್ರೂಷಾ ಮೀಮಾಂಸೆ

ಬಿ.ಎಸ್ಸಿ. ನರ್ಸಿಂಗ್ ಸೇರಿದ ನರ್ಸಿಂಗ್ ಅಸಿಸ್ಟೆಂಟ್ ತನ್ನ ಹಳೆಯ ಕೆಲಸವನ್ನು ಮುಂದುವರಿಸಬೇಕೋ ಬಿಡಬೇಕೋ ಎಂಬ ಪ್ರಶ್ನೆಯನ್ನು ಪೂರ್ವಾಚಾರ್ಯರು ವಿವೇಚಿಸಿದಂತಿಲ್ಲ. ಈ ನ್ಯೂನತೆಯ ಪರಿಹಾರಾರ್ಥವಾಗಿ 'ಉಭಯಶುಶ್ರೂಷಾಶಾಸ್ತ್ರ'ವನ್ನು ಇಲ್ಲಿ ಪ್ರತಿಷ್ಠಾಪಿಸಲಾಗಿದೆ.

1. ಲಕ್ಷಣ: ಹಗಲು ಶುಲ್ಕ ತೆತ್ತು ಕಲಿಯುವ ಕರ್ಮವನ್ನೇ ರಾತ್ರಿ ವೇತನ ಪಡೆದು ಮಾಡುವವಳು ಉಭಯಶುಶ್ರೂಷಕಿ. ಪುರುಷರಿಗೂ ಇದೇ ಲಕ್ಷಣ ಅನ್ವಯಿಸುತ್ತದೆ. ಉದಾಹರಣೆ: ಬೆಡ್‌ಶೀಟಿನ ಮೂಲೆಯನ್ನು 45 ಡಿಗ್ರಿಯಲ್ಲಿ ಮಡಿಚಿ ಹಾಸಿಗೆಯಡಿ ಸಿಕ್ಕಿಸುವ ಕ್ರಿಯೆ ಬೆಳಗಿನ 8 ಗಂಟೆಗೆ ಮುಂಚೆ ನಡೆದರೆ ನೈಟ್ ಡ್ಯೂಟಿ, ವೇತನಜನಕ; ನಂತರ ನಡೆದರೆ ಕ್ಲಿನಿಕಲ್ ಪೋಸ್ಟಿಂಗ್, ಶುಲ್ಕಸಾಧ್ಯ. ಮೂಲೆಯಲ್ಲಿ ಭೇದವಿಲ್ಲ; ಭೇದವು ಕೇವಲ ಕಾಲೋಪಾಧಿಕ.

2. ಡ್ಯೂಟಿಭೇದ: ಕರ್ಮದಂತೆ ಡ್ಯೂಟಿಯೂ ಚತುರ್ವಿಧ.

(ಅ) ನಿತ್ಯ: ಶನಿವಾರ ರಾತ್ರಿ 8ರಿಂದ ಭಾನುವಾರ ಬೆಳಿಗ್ಗೆ 8ರವರೆಗಿನದು.

(ಆ) ನೈಮಿತ್ತಿಕ: "ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳಮ್ಮ, ಯಾರೂ ಇಲ್ಲ" ಎಂಬ ಇನ್‌ಚಾರ್ಜ್ ಸಿಸ್ಟರ್ ಅವರ ದೂರವಾಣೀವಾಕ್ಯವೇ ಇದರ ನಿಮಿತ್ತ. ವಾರಕ್ಕೆ ಮೂರು ಬಾರಿ ಒದಗಿದರೆ ಇದು ನಿತ್ಯವೆನಿಸದೇ? ಎನಿಸದು. ಪ್ರತಿ ಬಾರಿಯೂ ವಾಕ್ಯದಲ್ಲಿ 'ಇವತ್ತೊಂದಿನ' ಎಂದೇ ಇರುವುದರಿಂದ ಶಬ್ದವೇ ಪ್ರಮಾಣ, ಎಣಿಕೆ ಅಪ್ರಮಾಣ.

(ಇ) ಕಾಮ್ಯ: ಶುಲ್ಕ, ಮೆಸ್ ಬಿಲ್, ಯೂನಿಫಾರಂ, ಬಿಳಿ ಶೂ ಇತ್ಯಾದಿ ಫಲಾಪೇಕ್ಷೆಯಿಂದ ಮಾಡತಕ್ಕದ್ದು.

(ಈ) ನಿಷಿದ್ಧ: ಅನಾಟಮಿ ಪರೀಕ್ಷೆಯ ಹಿಂದಿನ ರಾತ್ರಿಯದು.

3. ಸಂಸ್ಕಾರಭೇದ: ವಾರ್ಡಿನಿಂದ ಬಂದ ಸಂಸ್ಕಾರ ದ್ವಿವಿಧ. ಬೆಡ್‌ಪ್ಯಾನ್ ಕಂಡು ಮುಖ ಸಿಂಡರಿಸದಿರುವುದೂ, ಏಳಲಾರದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುವುದೆಂದು ಪುಸ್ತಕಕ್ಕೆ ಮೊದಲೇ ಕಂಡಿರುವುದೂ ಸಾಧಕಸಂಸ್ಕಾರ. ನಾಡಿಯನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಬಾಧಕಸಂಸ್ಕಾರ. ಲಯ ತಪ್ಪಿದ ನಾಡಿ ಗುಣಾಕಾರಕ್ಕೆ ಒಗ್ಗದಾದ್ದರಿಂದ ಕಾಲೇಜಿನಲ್ಲಿ ಪೂರ್ಣ ನಿಮಿಷ ವಿಹಿತ. ಪರೀಕ್ಷಕರ ಎದುರು 15 ಸೆಕೆಂಡಿಗೇ ಉತ್ತರ ಸಿದ್ಧಿಸಿದವಳು ಉಳಿದ 45 ಸೆಕೆಂಡ್ ರೋಗಿಯ ಮಣಿಕಟ್ಟು ಹಿಡಿದು ನಿಲ್ಲುವ ಅವಸ್ಥೆಗೆ 'ಶೇಷನಾಡೀಗ್ರಹಣ' ಎಂದು ಪರಿಭಾಷೆ. ಇದನ್ನು ವಿಶ್ರಾಂತಿಯಲ್ಲಿ ಗಣಿಸತಕ್ಕದ್ದು.

4. ನಿದ್ರಾಭೇದ: ಕಾಲೇಜ್ ಬಸ್ಸಿನ ಕಂಬಿ ಹಿಡಿದದ್ದು ಅವಲಂಬಿತಾ, ಕೊನೆಯ ಬೆಂಚಿನದು ಆಸೀನಾ, ಕಣ್ಣು ತೆರೆದೇ ನೋಟ್ಸ್ ಬರೆಯುತ್ತಿರುವುದು ಉನ್ಮೀಲಿತಾ. ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿಯುವುದು ಮೂರನೆಯದರ ಅವ್ಯಭಿಚಾರಿ ಲಿಂಗ.

5. ಪೂರ್ವಪಕ್ಷ: ಕೆಲಸವು ತ್ಯಾಜ್ಯ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಪರೀಕ್ಷೆಗೆ ಕೂರಲು ಶೇ. 80 ಹಾಜರಾತಿ ಬೇಕು. ಪದವಿ ಕೈಸೇರುವ ಮುನ್ನ ಪ್ರಾಯೋಗಿಕದಲ್ಲಿ ಶೇ. 100 ಪೂರೈಸಬೇಕು. ಅರ್ಥಾತ್, ಕುಳಿತು ಕಲಿಯುವಲ್ಲಿ ಗೈರಿಗೆ ಅವಕಾಶವುಂಟು, ನಿಂತು ಕಲಿಯುವಲ್ಲಿ ಇಲ್ಲ. ರಾತ್ರಿಯಿಡೀ ನಿಂತವಳಿಗೆ ಬೇಕಾದದ್ದು ಇದರ ವಿಪರ್ಯಯ.

6. ಆಕ್ಷೇಪ: ಡ್ಯೂಟಿಯಿಲ್ಲದೆ ಶುಲ್ಕವಿಲ್ಲ, ಶುಲ್ಕವಿಲ್ಲದೆ ತರಗತಿಯಿಲ್ಲ, ತರಗತಿಯಿಲ್ಲದೆ ಡ್ಯೂಟಿಯನ್ನು ಬಿಡಲು ಕಾರಣವೇ ಇಲ್ಲ. ಆದ್ದರಿಂದ ತ್ಯಾಗಪಕ್ಷವು ಚಕ್ರಕದೋಷದೂಷಿತ.

7. ಸಿದ್ಧಾಂತ: ನಿತ್ಯವು ಗ್ರಾಹ್ಯ, ಭಾನುವಾರ ಮಲಗಲು ಲಭ್ಯವಾದ್ದರಿಂದ. ಕಾಮ್ಯವು ಸೆಮಿಸ್ಟರ್ ರಜೆಯಲ್ಲಿ ಮಾತ್ರ. ನಿಷಿದ್ಧವು ನಿಷಿದ್ಧವೇ. ಶೇಷಿಸಿದ್ದು ನೈಮಿತ್ತಿಕ. ನಿಮಿತ್ತ ತೊಲಗಿದರೆ ನೈಮಿತ್ತಿಕವೂ ತೊಲಗುವುದೆಂಬ ನ್ಯಾಯದಿಂದ, ಸಂಜೆ 6ರಿಂದ 8ರವರೆಗೆ ಮೊಬೈಲ್ ಸ್ವಿಚ್ ಆಫ್ ಇರುವಲ್ಲಿ ದೂರವಾಣೀವಾಕ್ಯವೇ ಉತ್ಪನ್ನವಾಗದು. 8ರ ನಂತರ ಉತ್ಪನ್ನವಾದರೆ "ಬಸ್ಸಿಲ್ಲ ಸಿಸ್ಟರ್" ಎಂಬುದು ಉತ್ತರಪಕ್ಷ. ಹಾಸ್ಟೆಲ್ಲಿಗೂ ಆಸ್ಪತ್ರೆಗೂ ಒಂದೇ ಕಾಂಪೌಂಡ್ ಇರುವಲ್ಲಿ ಈ ಉತ್ತರಪಕ್ಷ ನಿಲ್ಲದು, ಅಂಥವಳು ಹೋಗತಕ್ಕದ್ದು.