ಕರೆಂಟ್ ಕಾರು ಬಳಕೆದಾರರ ಕೈಪಿಡಿ: ರಾಮನಗರ ಸೀಮೆ ಆವೃತ್ತಿ

ಕಾರಿನ ಜೊತೆ ಕಂಪನಿಯವರು ಕೊಟ್ಟ ಪುಸ್ತಕ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲೇ ಇರಲಿ ಬಿಡಿ. ಅದರಲ್ಲಿ ಬರೆದಿರುವ ಮನೆಗೆ ಗ್ಯಾರೇಜ್ ಇದೆ, ಹಗಲೂ ರಾತ್ರಿ ಒಂದೇ ವೋಲ್ಟೇಜ್ ಇದೆ, ಕೇಬಲ್ ಎಡವಿ ಬೈಯುವ ಅಜ್ಜಿ ಇಲ್ಲ. ಈ ಕೈಪಿಡಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯವರಿಗೆ ಮಾತ್ರ. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ರಾಮನಗರ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಿತು. ಅದರಿಂದ ಬೆಂಗಳೂರು ಒಂದು ಕಿಲೋಮೀಟರೂ ಹತ್ತಿರ ಬಂದಿಲ್ಲ. ಬ್ಯಾಟರಿ ಲೆಕ್ಕ ಹಾಕುವಾಗ ಇದು ನೆನಪಿರಲಿ.

ಭಾಗ 1: ಶೋರೂಮಿಗೆ ಹೋಗುವ ಮೊದಲು

1.1 ಕರೆಂಟ್ ಬಿಲ್ ಹುಡುಕಿ. ಕ್ಯಾಲೆಂಡರ್ ಮೊಳೆಗೆ ಸಿಕ್ಕಿಸಿದ್ದು ಸಿಕ್ಕರೆ ಅದರಲ್ಲಿ ಆರ್‌ಆರ್ ನಂಬರಿನ ಆಸುಪಾಸಿನಲ್ಲಿ ಮಂಜೂರಾದ ಲೋಡ್ ಎಷ್ಟು ಎಂದು ನೋಡಿ. ಹಳೇ ಮನೆಗಳಲ್ಲಿ ಒಂದೋ ಎರಡೋ ಕಿಲೋವ್ಯಾಟ್ ಇರುತ್ತದೆ. ಕಾರಿನ ಜೊತೆ ಬರುವ ಚಾರ್ಜರ್ ಒಂದೇ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಮಿಕ್ಸಿ, ಫ್ರಿಜ್, ಸ್ನಾನದ ಗೀಸರ್ ಎಲ್ಲ ಅದರ ಮೇಲೆ. ಲೋಡ್ ಹೆಚ್ಚಿಸಲು ಅರ್ಜಿ ಹಾಕಿ, ಅದು ಆದ ಮೇಲೆ ಕಾರಿನ ಬಣ್ಣದ ಚರ್ಚೆ ಮಾಡಿ.

1.2 ಮನೆಯಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಇದೆಯೇ? 2023ರ ಆಗಸ್ಟ್ ಬಿಲ್‌ನಿಂದ ಶೂನ್ಯ ನೋಡಿ ರೂಢಿಯಾದ ಮನೆಯಾದರೆ ಈ ಲೆಕ್ಕವನ್ನು ಯಜಮಾನರ ಎದುರು ಮೆಲ್ಲಗೆ ಹೇಳಿ. ರಾಮನಗರದಿಂದ ಬೆಂಗಳೂರಿಗೆ ದಿನಾ ಹೋಗಿ ಬಂದರೆ ನೂರು ಕಿಲೋಮೀಟರ್. ತಿಂಗಳಿಗೆ 25 ದಿನ ಅಂದರೆ 2,500. ಯೂನಿಟ್‌ಗೆ ಏಳು ಕಿಲೋಮೀಟರ್ ಓಡಿದರೂ 350 ಯೂನಿಟ್ ಮೀರಿತು. ಉಚಿತದ ಮಿತಿ 200. ಅದನ್ನು ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಂದರೆ ಕಾರು ಮನೆಗೆ ಬಂದ ದಿನವೇ ಗೃಹಜ್ಯೋತಿ ಮನೆ ಬಿಟ್ಟಿತು.

1.3 ಗಾಬರಿ ಬೇಡ. ಯೂನಿಟ್‌ಗೆ ಆರೇಳು ರೂಪಾಯಿ ಹಿಡಿದರೂ ಕಾರಿನ ಕರೆಂಟ್ ಖರ್ಚು ಎರಡೂವರೆ ಸಾವಿರದ ಒಳಗೇ. ಅಷ್ಟೇ ದೂರಕ್ಕೆ ಪೆಟ್ರೋಲ್ ಹಾಕಿಸಿದರೆ ಹದಿನೈದು ಸಾವಿರ ಮುಗಿಯುತ್ತದೆ. ಕಾರಿಗೆಂದೇ ಬೇರೆ ಮೀಟರ್ ಹಾಕಿಸಿಕೊಳ್ಳುವ ದಾರಿಯೂ ಇದೆ. ಇವಿ ಚಾರ್ಜಿಂಗ್‌ಗೆ ಪ್ರತ್ಯೇಕ ದರವಿದೆ. ಬಾಡಿಗೆ ಮನೆಯಲ್ಲಿದ್ದರೆ ಈ ಮಾತನ್ನು ಓನರ್ ಹತ್ತಿರ ಸಂಕ್ರಾಂತಿ ಎಳ್ಳು ಕೊಡಲು ಹೋದಾಗ ಎತ್ತುವುದು ಒಳ್ಳೆಯದು.

ಭಾಗ 2: ಅರ್ಥಿಂಗ್

ಈ ಭಾಗವನ್ನು ಎರಡು ಸಲ ಓದಿ. ಹೊಸ ಕಾರಿನ ಚಾರ್ಜರ್ ಪ್ಲಗ್‌ಗೆ ಹಾಕಿದ ತಕ್ಷಣ ಕೆಂಪು ದೀಪ ಬಂದರೆ ಕಾರಿಗೆ ಬೈಯಬೇಡಿ. ಅದು ನಿಮ್ಮ ಮನೆಯ ಅರ್ಥಿಂಗ್ ಪರೀಕ್ಷಿಸಿ ಫೇಲ್ ಮಾಡಿದೆ. ಟಿವಿ, ಫ್ಯಾನು ಇಷ್ಟು ವರ್ಷ ಕೇಳದೇ ಇದ್ದ ಪ್ರಶ್ನೆಯನ್ನು ಈ ಚಾರ್ಜರ್ ಮೊದಲ ದಿನವೇ ಕೇಳುತ್ತದೆ.

ಬೇರೆ ಊರಿನಲ್ಲಾದರೆ ಗುಂಡಿ ತೋಡಿ, ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿ ಮುಗಿಸುತ್ತಾರೆ. ನಮ್ಮಲ್ಲಿ ಎರಡಡಿ ತೋಡಿದರೆ ಹಾರೆ ಠಣ್ ಎನ್ನುತ್ತದೆ. ಎಲೆಕ್ಟ್ರೀಷಿಯನ್ ಹಾರೆ ಕೆಳಗಿಟ್ಟು ಬೀಡಿ ಹಚ್ಚುತ್ತಾನೆ. ಆ ಬಂಡೆಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟ್ ಗ್ರಾನೈಟ್. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಕ್ಲೋಸ್‌ಪೇಟೆ ಎಂಬ ಹೆಸರೇ ಅದಕ್ಕೂ ಬಂತು. ವಯಸ್ಸು ಸುಮಾರು 250 ಕೋಟಿ ವರ್ಷ. ಸಿನಿಮಾದಲ್ಲಿ ಗಬ್ಬರ್ ಸಿಂಗ್ ನಿಂತು ಕಿರುಚಿದ್ದು ಇದರ ಮೇಲೆಯೇ. ಒಣ ಕಲ್ಲಿನಲ್ಲಿ ಕರೆಂಟ್ ಇಳಿಯುವುದಿಲ್ಲ.

ಪರಿಹಾರ: ಗುಂಡಿಯ ಜಾಗ ಬದಲಿಸಿ, ಸ್ನಾನದ ನೀರು ಹರಿಯುವ ಕಡೆ, ಮಣ್ಣು ದಪ್ಪವಿರುವ ಕಡೆ ತೋಡಿಸಿ. ಒಂದು ಸಾಲದಿದ್ದರೆ ಎರಡು ಗುಂಡಿ ಮಾಡಿಸಿ ತಂತಿ ಕೂಡಿಸಿ. ಬೇಸಿಗೆಯಲ್ಲಿ ಆಗಾಗ ಒಂದು ಬಿಂದಿಗೆ ನೀರು ಹುಯ್ಯಿರಿ. ಕರೆಂಟ್ ಕಾರಿಗೆ ನೀರು ಬೇಡ ಎಂದು ಯಾರು ಹೇಳಿದ್ದು? ಮಾಡಬಾರದ ಕೆಲಸ ಒಂದೇ: ಅರ್ಥಿಂಗ್ ಪಿನ್ನಿಗೆ ನ್ಯೂಟ್ರಲ್ ತಂತಿ ಸೇರಿಸಿ ಚಾರ್ಜರ್‌ಗೆ ಮೋಸ ಮಾಡುವುದು. ಚಾರ್ಜರ್ ನಂಬುತ್ತದೆ, ಕಾರಿನ ಮೈಗೆ ಕರೆಂಟ್ ಬಂದರೆ ಬಾಗಿಲು ಮುಟ್ಟಿದವರು ಬದುಕುವುದು ಕಷ್ಟ.

ಭಾಗ 3: ಚಾರ್ಜ್ ಮಾಡುವ ವಿಧಾನ

3.1 ಊರೊಳಗಿನ ಮನೆಯಾದರೆ ರಾತ್ರಿ ಊಟವಾದ ಮೇಲೆ ಹಾಕಿ, ಬೆಳಗ್ಗೆ ತೆಗೆಯಿರಿ. 30 ಯೂನಿಟ್ ಹಿಡಿಯುವ ಬ್ಯಾಟರಿ ಖಾಲಿಯಿಂದ ತುಂಬಲು ಹತ್ತು ಗಂಟೆ ಬೇಕು.

3.2 ತೋಟದ ಮನೆಯಾದರೆ ಮೊದಲು ಕರೆಂಟ್ ಯಾವ ಲೈನಿನದು ಎಂದು ಲೈನ್‌ಮನ್‌ನನ್ನು ಕೇಳಿ. ಪಂಪ್‌ಸೆಟ್ ಲೈನಿಗೆ ತ್ರೀ ಫೇಸ್ ಕೊಡುವುದು ದಿನಕ್ಕೆ ಏಳು ಗಂಟೆ, ಅದೂ ಪಾಳಿಯಲ್ಲಿ. ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂತೆಂದರೆ ಸುತ್ತಮುತ್ತಲ ಬೋರ್‌ವೆಲ್‌ಗಳ ಆಟೋ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೆ ಟಕ್ ಎನ್ನುತ್ತವೆ. ವೋಲ್ಟೇಜ್ ನೆಲಕ್ಕೆ ಬೀಳುತ್ತದೆ, ಚಾರ್ಜರ್ ಕೈ ಬಿಡುತ್ತದೆ. ಬೆಳಗ್ಗೆ ಎದ್ದಾಗ ಬಾಳೆಗೆ ನೀರು ತುಂಬಿದೆ, ಕಾರಿನಲ್ಲಿ 34 ಪರ್ಸೆಂಟ್ ಇದೆ.

3.3 ಊರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟರೆ ಅದಕ್ಕೆ ನಿಮ್ಮ ಕಾರೇ ಕಾರಣ ಎಂದು ಊರು ತೀರ್ಮಾನಿಸಿರುತ್ತದೆ. ವಾದಿಸಬೇಡಿ. ಹೊಸ ಟಿಸಿ ತರಲು ಹೋಗುವ ಗುಂಪಿನಲ್ಲಿ ಮುಂದೆ ನಿಲ್ಲಿ.

3.4 ಮನೆಯಲ್ಲಿ ರೇಷ್ಮೆ ಇದ್ದು ಹುಳು ಹಣ್ಣಾದ ದಿನ ಚಾರ್ಜಿನ ಮಾತೇ ಎತ್ತಬೇಡಿ. ಅಂದು ಗೂಡು ಕಟ್ಟಿಸುವ ಚಂದ್ರಿಕೆಗೆ ಇರುವ ಗೌರವ ಕಾರಿಗೆ ಇಲ್ಲ. ಗೂಡು ರಾಮನಗರ ಮಾರ್ಕೆಟ್ ಸೇರಿದ ಮೇಲೆ ಎಲ್ಲರೂ ಮತ್ತೆ ಮನುಷ್ಯರಾಗುತ್ತಾರೆ.

ಭಾಗ 4: ಎಕ್ಸ್‌ಪ್ರೆಸ್‌ವೇ

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ ಎಲ್ಲವನ್ನೂ ಪಕ್ಕಕ್ಕೆ ತಳ್ಳಿ ಹೋಗುತ್ತದೆ. ತಟ್ಟೆ ಇಡ್ಲಿ, ಗೊಂಬೆ ಅಂಗಡಿ, ಚಾರ್ಜರ್ ಬಹುಪಾಲು ಹಳೇ ರಸ್ತೆಯಲ್ಲೇ ಉಳಿದಿವೆ. ಇಳಿಯುವ ದಾರಿ ತಪ್ಪಿಸಿಕೊಂಡರೆ ಕಣ್ಣಿಗೆ ಕಾಣುವ ಚಾರ್ಜರ್ ಕೈಗೆ ಸಿಗದೆ ಹಿಂದೆ ಹೋಗುತ್ತದೆ. ವೇಗ ನೂರಕ್ಕೆ ಏರಿದಂತೆ ಪರ್ಸೆಂಟ್ ಇಳಿಯುವುದೂ ಚುರುಕಾಗುತ್ತದೆ. ಎಂಬತ್ತರಲ್ಲಿ ಹೋಗಿ, ಹಿಂದಿನವರು ಹಾರ್ನ್ ಹೊಡೆಯಲಿ.

ಚಾರ್ಜಿಂಗ್ ಸ್ಟೇಷನ್‌ಗೆ ಕನಿಷ್ಠ ಮೂರು ಆ್ಯಪ್, ಮೂರಕ್ಕೂ ಮುಂಗಡ ದುಡ್ಡು ಬೇಕು. ಆ್ಯಪ್ ವರ ಕೊಟ್ಟರೂ ವಾಚ್‌ಮನ್ ಕೊಡಬೇಕು: ಚಾರ್ಜರ್ ಎದುರು ಯಾರದೋ ಡೀಸೆಲ್ ಗಾಡಿ ನಿಂತಿರುತ್ತದೆ, ಕೀಲಿ ಇರುವವರು ಊಟಕ್ಕೆ ಕೂತಿರುತ್ತಾರೆ. 80 ಪರ್ಸೆಂಟ್ ದಾಟಿದ ಮೇಲೆ ಫಾಸ್ಟ್ ಚಾರ್ಜರ್ ಕೂಡ ನಿಧಾನವಾಗುತ್ತದೆ. ಅಷ್ಟಕ್ಕೇ ತೆಗೆದು ಮುಂದಿನವರಿಗೆ ಬಿಡಿ. ಮಕ್ಕಳಿದ್ದರೆ ಚಾರ್ಜಿನ ಖರ್ಚಿಗೆ ಗೊಂಬೆ ಅಂಗಡಿಯ ಮರದ ಕುದುರೆಯ ಬೆಲೆ ಸೇರಿಸಿಕೊಳ್ಳಿ.

ಭಾಗ 5: ಒಳದಾರಿಗಳು

ಕನಕಪುರದಿಂದ ಸಂಗಮಕ್ಕೆ ಹೋಗುವಾಗ ಇಳಿಜಾರು. ಬ್ರೇಕ್ ಒತ್ತಿದಾಗಲೆಲ್ಲ ಬ್ಯಾಟರಿಗೆ ನಾಲ್ಕು ಕಾಸು ವಾಪಸ್ ಬೀಳುತ್ತದೆ, ನೀವು ಉಬ್ಬುತ್ತೀರಿ. ಬರುವಾಗ ಅದೇ ಏರು, ಸುತ್ತ ಕಾಡು. ಹೋಗುವಾಗ ಖರ್ಚಾದದ್ದರ ಎರಡರಷ್ಟು ಉಳಿಯುವಂತಿಲ್ಲವಾದರೆ ಸಂಗಮ, ಮೇಕೆದಾಟು ಎರಡನ್ನೂ ಇನ್ನೊಂದು ವಾರಕ್ಕೆ ಇಟ್ಟುಕೊಳ್ಳಿ. ಆನೆ ಅಡ್ಡ ಬಂದರೆ ಕಾರಿಗೆ ಸದ್ದಿಲ್ಲ ಎಂಬ ಧೈರ್ಯದಲ್ಲಿ ಪಕ್ಕದಿಂದ ನುಸುಳಬೇಡಿ.

ಮಾಗಡಿ ಕಡೆ ಸುಗ್ಗಿಯಲ್ಲಿ ರಸ್ತೆಯೇ ಕಣ. ಹಾಸಿದ ಹುರುಳಿ ಬಳ್ಳಿ ಕೆಳಗೆ ಸುತ್ತಿಕೊಂಡು, ಸೈಲೆನ್ಸರ್ ಕಾವಿಗೆ ಕಾರು ಹೊತ್ತಿ ಉರಿದ ಸುದ್ದಿ ಎಲ್ಲರೂ ಓದಿದ್ದೇವೆ. ನಿಮ್ಮ ಕಾರಿಗೆ ಸೈಲೆನ್ಸರೇ ಇಲ್ಲ. ಒಕ್ಕಣೆ ರಸ್ತೆಯಲ್ಲಿ ಕರೆಂಟ್ ಕಾರಿನದೇ ಮೇಲುಗೈ. ಆದರೂ ದಾಟಿದ ಮೇಲೆ ಇಳಿದು ಬಳ್ಳಿ ಬಿಡಿಸಿ.

ಭಾಗ 6: ದೋಷ ಮತ್ತು ಪರಿಹಾರ

ದೋಷ: ಬ್ರೋಷರ್‌ನಲ್ಲಿ ಮುನ್ನೂರು ಕಿಲೋಮೀಟರ್, ರಸ್ತೆಯಲ್ಲಿ ಇನ್ನೂರು. ಪರಿಹಾರ: ಇನ್ನೂರೇ ಸತ್ಯ. ಬ್ಯಾಟರಿ ಇದ್ದಷ್ಟು ಕಾಲು ಚಾಚಿ.

ದೋಷ: ಅಂಡರ್‌ಪಾಸ್‌ನಲ್ಲಿ ನೀರು. ಪರಿಹಾರ: 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಹತ್ತಿರ ಹೆದ್ದಾರಿಯೇ ಕೆರೆಯಾಗಿತ್ತು. ಬ್ಯಾಟರಿ ಪೆಟ್ಟಿಗೆಗೆ ನೀರು ಹೋಗದು ಎಂದು ಕಂಪನಿ ಹೇಳಿದ್ದನ್ನು ನೀವು ಪರೀಕ್ಷೆ ಮಾಡುವ ಅಗತ್ಯವಿಲ್ಲ.

ದೋಷ: ಬಂಧುಗಳು ಬ್ಯಾಟರಿ ಹೋದರೆ ಗತಿಯೇನು ಎಂದು ಕೇಳುತ್ತಾರೆ. ಪರಿಹಾರ: ಸಾಮಾನ್ಯವಾಗಿ ಎಂಟು ವರ್ಷದ ವಾರಂಟಿ ಇರುತ್ತದೆ ಎನ್ನಿ. ಬಂಧುಗಳಿಗೆ ವಾರಂಟಿ ಇಲ್ಲ.

ದೋಷ: ಇಷ್ಟೆಲ್ಲ ರಗಳೆ ಬೇಡ ಅನಿಸುತ್ತದೆ. ಪರಿಹಾರ: ಬಿಡದಿಯಲ್ಲೇ ತಯಾರಾಗುವ ಹೈಬ್ರಿಡ್ ಕಾರಿದೆ, ಪ್ಲಗ್ ಕೇಳುವುದಿಲ್ಲ. ಬೆಲೆ ಕೇಳಿದ ಮೇಲೆ ಭಾಗ 1ಕ್ಕೆ ಹಿಂದಿರುಗಿ.

ಭಾಗ 7: ಕೊನೆಯ ಸೂಚನೆ

ದೇಶದಲ್ಲೇ ಮೊದಲ ಇವಿ ನೀತಿ ತಂದದ್ದು ಕರ್ನಾಟಕ, 2017ರಲ್ಲಿ. ನೀತಿ ವಿಧಾನಸೌಧದಿಂದ ಹೊರಟಿದೆ. ನಿಮ್ಮ ಕಂಬದವರೆಗೆ ಬಂದಿದೆಯೇ ಎಂದು ನೋಡಿಕೊಳ್ಳಬೇಕಾದವರು ನೀವು. ಸ್ವಂತ ಮನೆ, ಸ್ವಂತ ಮೀಟರ್, ಗಟ್ಟಿ ಅರ್ಥಿಂಗ್, ದಿನಕ್ಕೆ ನೂರು ಕಿಲೋಮೀಟರ್ ಓಡಾಟ ಇರುವವರು ಕಣ್ಣುಮುಚ್ಚಿ ಕೊಳ್ಳಬಹುದು; ಪೆಟ್ರೋಲ್ ಉಳಿತಾಯವೇ ಕಂತಿನ ದೊಡ್ಡ ಪಾಲು ಕಟ್ಟುತ್ತದೆ. ನಾಲ್ಕರಲ್ಲಿ ಒಂದು ಇಲ್ಲದವರು ಅದನ್ನು ಮೊದಲು ಸರಿಮಾಡಿಕೊಳ್ಳಿ. ಕಾರು ಮುಂದಿನ ವರ್ಷವೂ ಸಿಗುತ್ತದೆ. ಮೊದಲು ಪ್ಲಗ್ ಹಾಕಿಸಿ, ಆಮೇಲೆ ಬುಕ್ ಮಾಡಿ.