ಕುರ್ಚಿ ಬಿಟ್ಟುಕೊಟ್ಟ ಅಪರಾಧಕ್ಕೆ ವಿವರಣೆ ಕೋರಿ

ಕೊಡಗು ರಾಜ್ಯದ ಮೊದಲ ಹಾಗೂ ಕೊನೆಯ ಮುಖ್ಯಮಂತ್ರಿ, ದಿವಂಗತ ಚೆಪ್ಪುಡಿರ ಎಂ. ಪೂಣಚ್ಚ ಅವರ ಸನ್ನಿಧಿಗೆ,

ಮಾನ್ಯರೇ,

1952ರಿಂದ 1956ರವರೆಗೆ ಮಡಿಕೇರಿಯಿಂದ ನಡೆದ ಆಡಳಿತವನ್ನು ಇಂದಿನ ರಾಜಕೀಯ ಶಿಷ್ಟಾಚಾರದ ಒರೆಗೆ ಹಚ್ಚಿದಾಗ, ಮಾನ್ಯರ ಮೇಲಿನ ಆರೋಪಗಳು ಸಾಮಾನ್ಯವಾದವಲ್ಲ ಎಂಬುದು ಸ್ಪಷ್ಟವಾಗುತ್ತದೆ. ಕೊಡಗು ಆಗ ‘ಸಿ’ ವರ್ಗದ ರಾಜ್ಯ, ಅಂದರೆ ಕೇಂದ್ರವು ನೇಮಿಸಿದ ಮುಖ್ಯ ಆಯುಕ್ತರ ಮೂಲಕ ಆಳಲ್ಪಡುತ್ತಿದ್ದ ಪುಟ್ಟ ಘಟಕ. ಆದರೂ ಸುಮಾರು 2.29 ಲಕ್ಷ ಜನರಿಗೆ 24 ಶಾಸಕರ ಸ್ವಂತ ವಿಧಾನಸಭೆಯಿತ್ತು. ಅದರಲ್ಲಿ 15 ಸ್ಥಾನ ಗೆದ್ದ ಕಾಂಗ್ರೆಸ್, ಮಾನ್ಯರು ಮತ್ತು ಕುಟ್ಟೂರು ಮಲ್ಲಪ್ಪನವರು ಎಂಬ ಇಬ್ಬರೇ ಮಂತ್ರಿಗಳಿಂದ ಸಂಪುಟವನ್ನು ಮುಗಿಸಿತು. ಉಳಿದ 13 ಮಂದಿ ಅತೃಪ್ತರಾಗಿ ರೆಸಾರ್ಟು ಸೇರುವುದಕ್ಕೆ ಇಂದಾದರೆ ಇಷ್ಟೇ ಸಾಕಿತ್ತು, ಮತ್ತು ಕೊಡಗಿನಲ್ಲಿ ಈಗ ರೆಸಾರ್ಟುಗಳಿಗೇನೂ ಬರವಿಲ್ಲ.

ಇದಕ್ಕಿಂತ ಘೋರವಾದುದು ಮೈಸೂರಿನೊಂದಿಗಿನ ವಿಲೀನದ ಪ್ರಕರಣ. ಚುನಾವಣಾ ಚಿಹ್ನೆಯಿಂದಲೇ ‘ತಕ್ಕಡಿ’ ಪಕ್ಷವೆಂದು ಹೆಸರಾಗಿ 9 ಸ್ಥಾನ ಗೆದ್ದ ಎದುರಾಳಿ ಬಣವು ಪ್ರತ್ಯೇಕ ಕೊಡಗು ಉಳಿಯಲೆಂದು ಹಟ ಹಿಡಿದಿದ್ದಾಗ, ಮುಖ್ಯಮಂತ್ರಿಯ ಪಕ್ಷವೇ ಏಕೀಕರಣದ ಪರ ನಿಂತಿತು. ಭಾಷೆ ಮತ್ತು ಆಡಳಿತದ ಅನುಕೂಲ ನೋಡಿ ರಾಜ್ಯಗಳ ಗಡಿಗಳನ್ನು ಮತ್ತೆ ಗುರುತಿಸಲು 1953ರಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗದ ಶಿಫಾರಸಿನ ಬಳಿಕ, 1956ರ ನವೆಂಬರ್ 1ರಂದು ಕೊಡಗು ಮೈಸೂರಿನೊಳಗೊಂದು ಜಿಲ್ಲೆಯಾಯಿತು. ತಾಲ್ಲೂಕು ಪಂಚಾಯಿತಿಯ ಪೀಠವನ್ನೂ ಕೋರ್ಟಿನ ತಡೆಯಾಜ್ಞೆ ತಂದು ಉಳಿಸಿಕೊಳ್ಳುವ ಕಾಲದಲ್ಲಿ, ಮುಖ್ಯಮಂತ್ರಿಯ ಪೀಠವೇ ಇಲ್ಲವಾಗುವುದಕ್ಕೆ ಒಪ್ಪಿದವರ ಚರಿತ್ರೆ ಎಳೆಯ ನಾಯಕರ ಕೈಗೆ ಸಿಕ್ಕರೆ ಆಗುವ ಅನಾಹುತಕ್ಕೆ ಹೊಣೆ ಯಾರು? ಅಂದಿನ 24 ಶಾಸಕರ ಜಾಗದಲ್ಲಿ ಇಂದು ಮಡಿಕೇರಿ, ವಿರಾಜಪೇಟೆಗಳ ಇಬ್ಬರಿದ್ದಾರೆ ಎಂದು ತಕ್ಕಡಿಯವರ ವಾರಸುದಾರರು ಎತ್ತಿ ತೋರಿಸಿದರೆ, ಆ ಲೆಕ್ಕವನ್ನಂತೂ ಅಲ್ಲಗಳೆಯಲಾಗದು.

ಕೊನೆಯ ಆರೋಪ ರೈಲಿನದು. ಮಂಗಳೂರಿನಿಂದ ಲೋಕಸಭೆಗೆ ಆಯ್ಕೆಯಾದ ಮಾನ್ಯರು 1967ರಿಂದ 1969ರವರೆಗೆ ದೇಶದ ರೈಲ್ವೆ ಮಂತ್ರಿಯಾಗಿದ್ದರು. ಸ್ವಂತ ಜಿಲ್ಲೆಯಲ್ಲಿ ಮಾತ್ರ ಅಂದೂ ಹಳಿಯಿರಲಿಲ್ಲ, ಇಂದೂ ಇಲ್ಲ. ಮಂಗಳೂರಿನಿಂದ ಮಡಿಕೇರಿಗೆ ಬರುವವರು ಈಗಲೂ ಸಂಪಾಜೆ ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡೇ ಮೇಲೇರುತ್ತಾರೆ. ರೈಲ್ವೆ ಖಾತೆ ಸಿಕ್ಕವರು ತವರಿಗೆ ಒಂದು ಎಕ್ಸ್‌ಪ್ರೆಸ್ಸನ್ನಾದರೂ ಎಳೆದು ತರುವುದು ಕುಲಧರ್ಮವೆನಿಸಿರುವಾಗ ಇದು ಶುದ್ಧ ಕರ್ತವ್ಯಲೋಪ. 

ಆದರೆ ಈ ಕೊನೆಯ ಆರೋಪವನ್ನು ಹಿಂಪಡೆಯಬೇಕೆಂದು ಎರಡು ಕಡೆಯಿಂದ ಒತ್ತಡವಿದೆ. ಕಾವೇರಿಯ ಕಣಿವೆಗೆ ಹಳಿ ಬೇಡವೆನ್ನುವವರು ಮಾನ್ಯರಿಗೆ ಋಣಿಗಳು. ಮೈಸೂರು–ಕುಶಾಲನಗರ ರೈಲು ಮಾರ್ಗದ ಭರವಸೆಯನ್ನು ಹೊತ್ತು ಮತ ಕೇಳಬಂದವರಂತೂ ಇನ್ನೂ ಹೆಚ್ಚಿನ ಋಣಿಗಳು.

ಇತಿ,
ವಿವರಣೆಯ ನಿರೀಕ್ಷೆಯಲ್ಲಿರುವ ಕುರ್ಚಿಪ್ರಿಯರ ಪರವಾಗಿ